1873ರ ವಿಂಚೆಸ್ಟರ್: ಪಾಲಿಶ್ ಬೇಡ, ಮೊದಲು ಮೊಣಕಾಲು ನೋಡಿ

ಪ್ರಶ್ನೆ: ನಮ್ಮದು ವಿರಾಜಪೇಟೆ ಕಡೆ. 20 ವರ್ಷದಿಂದ ಅಮೆರಿಕದ ಕೊಲರಾಡೋದಲ್ಲಿದ್ದೇನೆ, ಇಲ್ಲಿನ ಪೌರತ್ವ ಸಿಕ್ಕಿದೆ. ಹೋದ ತಿಂಗಳು ಒಂದು ಹಳೆ ಮನೆಯ ಸಾಮಾನು ಹರಾಜಿನಲ್ಲಿ 1873ರ ಮಾದರಿಯ ವಿಂಚೆಸ್ಟರ್ ರೈಫಲ್ ಕೊಂಡೆ. 44-40 ತೋಟಾದ್ದು, 24 ಇಂಚಿನ ಎಂಟು ಪಟ್ಟಿಯ ನಳಿಗೆ. ನಂಬರ್ ನೋಡಿದರೆ 1886ರಲ್ಲಿ ತಯಾರಾದದ್ದು. ಉಕ್ಕು ಕಂದು ಬಣ್ಣಕ್ಕೆ ತಿರುಗಿದೆ, ಅಲ್ಲಲ್ಲಿ ಕೆಂಪು ತುಕ್ಕಿದೆ. ಮರ ಕಪ್ಪಾಗಿದೆ, ನಳಿಗೆಯ ಒಳಗೆ ಮಂಕು. ತೋಟಾ ತುಂಬುವ ಲಿವರ್ ಮಾತ್ರ ಆಡುತ್ತದೆ. ಚೆನ್ನಾಗಿ ಪಾಲಿಶ್ ಹಾಕಿಸು, ಹೊಸದಾಗಿ ಬ್ಲೂಯಿಂಗ್ (ಉಕ್ಕಿಗೆ ನೀಲಿಗಪ್ಪು ಬಣ್ಣ ಕೊಡುವುದು) ಮಾಡಿಸು, ಅಂಗಡಿಯ ತೋಟಾ ಹಾಕಿ ಹೊಡಿ ಅಂತ ಗೆಳೆಯರು ಹೇಳುತ್ತಾರೆ. ಊರಲ್ಲಿ ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ಗೆ ಮುಂಚೆ ಅಪ್ಪನ ಕೋವಿ ಉಜ್ಜಿದ್ದು ಬಿಟ್ಟರೆ ನನಗೆ ಬೇರೆ ಅನುಭವ ಇಲ್ಲ. ಗುರಿ ಅಭ್ಯಾಸದ ರೇಂಜಿಗೆ ಒಯ್ದು ಹೊಡೆಯುವ ಆಸೆ. ಏನು ಮಾಡಲಿ?

ಉತ್ತರ: ನಿಮ್ಮ ಗೆಳೆಯರು ಮೂರು ಸಲಹೆ ಕೊಟ್ಟಿದ್ದಾರೆ. ಮೂರೂ ಬೇಡ. ಆದರೆ ರೈಫಲ್ ಹೊಡೆಯಬೇಕು ಅನ್ನುವ ನಿಮ್ಮ ಆಸೆಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಹಳೆಯ ರೈಫಲ್‌ಗಳ ಕೆಲಸ ಮಾಡುತ್ತಾ ನನಗೆ ಮೂವತ್ತು ವರ್ಷವಾಯಿತು. ಹಾಳಾಗಿ ನನ್ನ ಮೇಜಿಗೆ ಬಂದ ಕೋವಿಗಳಲ್ಲಿ ಹೊಡೆದು ಕೆಟ್ಟವು ಕಡಿಮೆ. ಪಾಲಿಶ್ ಚಕ್ರಕ್ಕೆ ಕೊಟ್ಟು ಕೆಟ್ಟವು, ಹೊಡೆದ ಮೇಲೆ ತೊಳೆಯದೆ ಇಟ್ಟು ಕೆಟ್ಟವು ಜಾಸ್ತಿ.

ಮೊದಲ ಕೆಲಸ, ಇವತ್ತೇ ಮಾಡಬೇಕಾದದ್ದು, ರೈಫಲ್ ಖಾಲಿ ಇದೆಯಾ ಅಂತ ನೋಡುವುದು. ಲಿವರ್ ನಾಲ್ಕು ಸಲ ಆಡಿಸಿದೆ, ಏನೂ ಬರಲಿಲ್ಲ ಅನ್ನುವುದು ಸಾಲದು. ಇದರ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಮಲಗಿರುತ್ತವೆ. ನಿಮ್ಮದರಲ್ಲಿ 15 ಹಿಡಿಯುತ್ತವೆ. ಸ್ಪ್ರಿಂಗ್ ತುಕ್ಕು ಹಿಡಿದು ನಿಂತಿದ್ದರೆ ತೋಟಾ ಮುಂದೆ ಬರದೆ ಅಲ್ಲೇ ಕೂತಿರುತ್ತದೆ. ಒಮ್ಮೆ ಒಬ್ಬರು ಖಾಲಿ ಅಂತ ಹೇಳಿ ತಂದ ರೈಫಲ್‌ನ ಕೊಳವೆಯಲ್ಲಿ ನನಗೆ ಎರಡು ತೋಟಾ ಸಿಕ್ಕವು. ಅದು ಮಕ್ಕಳಿರುವ ಮನೆಯ ಗೋಡೆ ಮೇಲೆ ವರ್ಷಗಟ್ಟಲೆ ತೂಗುಬಿದ್ದಿತ್ತು. ಹಾಗಾಗಿ ಮೊದಲು ಲಿವರ್ ತೆರೆದು, ತೋಟಾ ಕೂರುವ ಚೇಂಬರನ್ನು ಟಾರ್ಚ್ ಬಿಟ್ಟು ನೋಡಿ. ಅದು ಖಾಲಿ ಅಂತ ಖಚಿತವಾದ ಮೇಲೆ ಕೊಳವೆಯ ಮುಂತುದಿಯ ಮುಚ್ಚಳದ ಸ್ಕ್ರೂ ತೆಗೆಯಿರಿ. ಮುಚ್ಚಳದ ಹಿಂದೆ ಉದ್ದದ ಸ್ಪ್ರಿಂಗ್ ಒತ್ತಿಕೊಂಡಿರುತ್ತದೆ, ಹೆಬ್ಬೆರಳಿಟ್ಟು ನಿಧಾನವಾಗಿ ಬಿಡಿ. ಮುಖ ಪಕ್ಕಕ್ಕಿರಲಿ. ಸ್ಪ್ರಿಂಗ್ ಹೊರಗೆ ಬಂದ ಮೇಲೆ ಒಳಗೆ ಬೆಳಕು ಬಿಟ್ಟು ನೋಡಿ.

ಹಿಡಿಯ ಹಿಂಬದಿಯ ಲೋಹದ ತಟ್ಟೆಯಲ್ಲಿ ಪುಟ್ಟ ಬಾಗಿಲಿದ್ದರೆ ಅದನ್ನೂ ತೆರೆಯಿರಿ. ಅದರೊಳಗಿನ ತೂತಿನಲ್ಲಿ ತುಂಡು ತುಂಡಾಗಿ ಬಿಚ್ಚುವ ಕ್ಲೀನಿಂಗ್ ರಾಡ್ ಇಡುತ್ತಿದ್ದರು. 2014ರ ನವೆಂಬರಿನಲ್ಲಿ ನೆವಾಡಾದ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನದಲ್ಲಿ ಒಂದು ಜೂನಿಪರ್ ಮರಕ್ಕೆ ಒರಗಿಸಿಟ್ಟ ಹಾಗೇ ನಿಂತಿದ್ದ ರೈಫಲ್ ಸಿಕ್ಕಿತು. ಅದೂ ನಿಮ್ಮದರ ಹಾಗೆ 1873ರ ಮಾದರಿ, 44-40. ತಯಾರಾದದ್ದು 1882ರಲ್ಲಿ. ಯಾರೋ ಒರಗಿಸಿ ಹೋದವರು ವಾಪಸ್ ಬರಲೇ ಇಲ್ಲ. ವಯೋಮಿಂಗಿನ ಕೋಡಿ ಊರಿನ ಬಂದೂಕು ಮ್ಯೂಸಿಯಮ್ಮಿನವರು ಅದನ್ನು ಆಸ್ಪತ್ರೆಗೆ ಒಯ್ದು ಎಕ್ಸ್‌ರೇ ತೆಗೆಸಿದರು. ನಳಿಗೆ, ಕೊಳವೆ ಎರಡೂ ಖಾಲಿ. ಹಿಡಿಯೊಳಗಿನ ಆ ತೂತಿನಲ್ಲಿ ಮಾತ್ರ ಒಂದು ತೋಟಾ ಇತ್ತು! ಆ ರೈಫಲ್‌ಗೆ ಅವರು ಪಾಲಿಶ್ ಹಾಕಲಿಲ್ಲ. ಬಿಸಿಲಿಗೆ ಬಿಳಿಚಿ ಬಿರುಕು ಬಿಟ್ಟ ಮರ ಇನ್ನಷ್ಟು ಒಡೆಯದ ಹಾಗೆ ಗಟ್ಟಿ ಮಾಡಿದರು, ಅಷ್ಟೇ. ಅದರ ಬೆಲೆ ಇರುವುದೇ ಆ ಬಿಳಿಚಿದ ಮರದಲ್ಲಿ. ನಿಮ್ಮ ರೈಫಲ್‌ನ ಕಂದು ಬಣ್ಣವೂ ಹಾಗೇ.

ಈಗ ಮೊಣಕಾಲಿನ ವಿಷಯ. ಈ ರೈಫಲ್‌ನ ಬಗ್ಗೆ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಹೇಳುವುದು. ತೋಟಾದ ಹಿಂದೆ ಬೋಲ್ಟ್ ಇರುತ್ತದೆ. ಮದ್ದು ಉರಿದಾಗ ಅದರ ಒತ್ತಡ ಬೋಲ್ಟನ್ನು ಹಿಂದಕ್ಕೆ, ನಿಮ್ಮ ಮುಖದ ಕಡೆಗೆ ತಳ್ಳುತ್ತದೆ. ಆಮೇಲೆ ಬಂದ ರೈಫಲ್‌ಗಳಲ್ಲಿ ಬೋಲ್ಟನ್ನು ತಡೆಯಲು ಗಟ್ಟಿ ಉಕ್ಕಿನ ಅಗುಳಿ ಇರುತ್ತದೆ. ಇದರಲ್ಲಿ ಅದಿಲ್ಲ. ಎರಡೂ ಪಕ್ಕದಲ್ಲಿ ಒಂದೊಂದು ಜೋಡಿ ಕೊಂಡಿಗಳಿವೆ. ಲಿವರ್ ಮುಚ್ಚಿದಾಗ ಅವು ನಮ್ಮ ಮೊಣಕಾಲಿನ ಹಾಗೆ ನೆಟ್ಟಗಾಗುತ್ತವೆ. ಕಾಲು ನೆಟ್ಟಗಿದ್ದರೆ ಮೂಟೆ ಹೊತ್ತು ನಿಲ್ಲಬಹುದು. ಸ್ವಲ್ಪ ಮಡಚಿದರೆ ಕುಸಿಯುತ್ತೇವೆ. ಇಲ್ಲೂ ಅಷ್ಟೇ. ಈ ಏರ್ಪಾಡು 1860ರ ಹೆನ್ರಿ ರೈಫಲ್‌ನಿಂದ 1866ರ ಮಾದರಿಗೆ, ಅಲ್ಲಿಂದ ಇದಕ್ಕೆ ಬಂತು. ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ 1886 ಮತ್ತು 1892ರ ಮಾದರಿಗಳಲ್ಲಿ ಇದನ್ನು ಕೈಬಿಟ್ಟು, ನೆಟ್ಟಗೆ ಮೇಲೇರಿ ಬೋಲ್ಟನ್ನು ಹಿಡಿಯುವ ಅಗುಳಿ ಹಾಕಿದರು.

ಕೊಂಡಿಗಳನ್ನು ಪಿನ್‌ಗಳು ಹಿಡಿದಿರುತ್ತವೆ. ಸಾವಿರಾರು ಸಲ ಹೊಡೆದ ಮೇಲೆ ಪಿನ್ ಸವೆಯುತ್ತದೆ, ಪಿನ್ ಕೂರುವ ತೂತು ದೊಡ್ಡದಾಗುತ್ತದೆ. ಆಗ ಲಿವರ್ ಮುಚ್ಚಿದ್ದರೂ ಬೋಲ್ಟ್ ಒಂದು ಕೂದಲಿನಷ್ಟು ಹಿಂದೆ ಮುಂದೆ ಆಡುತ್ತದೆ. ತೋಟಾದ ಬುಡಕ್ಕೂ ಬೋಲ್ಟಿನ ಮುಖಕ್ಕೂ ನಡುವಿನ ಈ ಸಂದಿಗೆ ಹೆಡ್‌ಸ್ಪೇಸ್ ಅನ್ನುತ್ತಾರೆ. ಸಂದು ಜಾಸ್ತಿಯಾದರೆ ಹಿತ್ತಾಳೆ ಹಿಂದಕ್ಕೆ ಹಿಗ್ಗಿ ಬುಡದ ಹತ್ತಿರ ಸೀಳಬಹುದು. ಒಳಗಿನ ಬಿಸಿ ಗಾಳಿ ಹೊಡೆಯುವವನ ಕಣ್ಣಿಗೆ ನುಗ್ಗುತ್ತದೆ. ಇದನ್ನು ಕಣ್ಣಂದಾಜಿನಲ್ಲಿ ಹೇಳಲು ಆಗುವುದಿಲ್ಲ, ಗೇಜ್ ಹಾಕಿಯೇ ಅಳೆಯಬೇಕು. ಹಳೆಯ ವಿಂಚೆಸ್ಟರ್ ಕೆಲಸ ಗೊತ್ತಿರುವ ಗನ್‌ಸ್ಮಿತ್ ಹತ್ತಿರ ಒಯ್ಯಿರಿ. ಸಂದು ಜಾಸ್ತಿ ಇದ್ದರೆ ಅವರು ಸ್ವಲ್ಪ ದಪ್ಪದ ಪಿನ್ ಹಾಕುತ್ತಾರೆ, ಇಲ್ಲವೇ ಕೊಂಡಿಗಳನ್ನೇ ಬದಲಿಸುತ್ತಾರೆ. ಇದು ಮನೆಯಲ್ಲಿ ಫೈಲ್ ಹಿಡಿದು ಮಾಡುವ ಕೆಲಸ ಅಲ್ಲ. ಪಾಲಿಶಿಗೆ ಅಂತ ತೆಗೆದಿಟ್ಟ ದುಡ್ಡು ಇಲ್ಲಿ ಖರ್ಚಾಗಲಿ. ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆದುಕೊಂಡು ರೈಫಲ್ ಜೊತೆಗೇ ಇಡಿ.

ಬಿಚ್ಚುವ ಕೆಲಸ ನೀವೇ ಮಾಡುವುದಾದರೆ ಸ್ಕ್ರೂಡ್ರೈವರಿನಿಂದ ಶುರು ಮಾಡಿ. ಮನೆಯಲ್ಲಿರುವ ಸ್ಕ್ರೂಡ್ರೈವರಿನ ತುದಿ ಬೆಣೆಯ ಹಾಗೆ ಇಳಿಜಾರಾಗಿರುತ್ತದೆ. ಅದು ಸ್ಕ್ರೂವಿನ ಸೀಳಿನಲ್ಲಿ ಮೇಲ್ತುದಿಗೆ ಮಾತ್ರ ತಾಗಿ ಜಾರುತ್ತದೆ. ಬಂದೂಕಿಗೆ ಅಂತಲೇ ಸಿಗುವ, ತುದಿ ಸಮನಾಗಿ ಕೊರೆದ ಬಿಟ್‌ಗಳನ್ನು ತನ್ನಿ. ಸೀಳಿನಲ್ಲಿ ಅಲುಗಾಡದೆ ಬಿಗಿಯಾಗಿ ಕೂರಬೇಕು. ಕೆಲಸ ಕಲಿಯುವ ಕಾಲದಲ್ಲಿ ಒಂದು ರೈಫಲ್‌ನ ಪಕ್ಕದ ತಟ್ಟೆ ಮೇಲೆ ನನ್ನ ಸ್ಕ್ರೂಡ್ರೈವರ್ ಜಾರಿ ಎರಡು ಇಂಚಿನ ಗೀರು ಬಿತ್ತು. ಆ ಗೀರು ಇವತ್ತಿಗೂ ಅದರ ಮೇಲಿದೆ, ನನಗೆ ಇವತ್ತಿಗೂ ಬೇಜಾರಿದೆ. ಸ್ಕ್ರೂಗಳಿಗೆ ತುಕ್ಕು ಬಿಡಿಸುವ ತೆಳು ಎಣ್ಣೆ ಬಿಟ್ಟು ಮೂರು ನಾಲ್ಕು ದಿನ ಸುಮ್ನೆ ಬಿಡಿ. ದಿನಕ್ಕೊಂದು ಹನಿ ಹಾಕುತ್ತಾ ಇರಿ. ಈ ಸ್ಕ್ರೂಗಳ ಥ್ರೆಡ್ ಆ ಕಾಲದ್ದು, ಅಂಗಡಿಯ ಸ್ಕ್ರೂ ಇದಕ್ಕೆ ಕೂರುವುದಿಲ್ಲ. ಮುರಿದರೆ ಹುಡುಕಾಡಬೇಕಾಗುತ್ತದೆ.

ಎರಡೂ ಪಕ್ಕದ ತಟ್ಟೆಗಳನ್ನು ಒಂದೇ ಸ್ಕ್ರೂ ಹಿಡಿದಿರುತ್ತದೆ. ಅದನ್ನು ಪೂರ್ತಿ ತೆಗೆಯಬೇಡಿ. ಕೆಲವು ಸುತ್ತು ಸಡಿಲ ಮಾಡಿ, ಪ್ಲಾಸ್ಟಿಕ್ ಸುತ್ತಿಗೆಯಿಂದ ಸ್ಕ್ರೂವಿನ ತಲೆಗೆ ಮೆಲ್ಲಗೆ ತಟ್ಟಿ. ಆಚೆ ಪಕ್ಕದ ತಟ್ಟೆ ತಾನೇ ಹೊರಗೆ ಬರುತ್ತದೆ. ಆಮೇಲೆ ಈಚೆಯದನ್ನು ಒಳಗಿನಿಂದ ತಟ್ಟಿ ತೆಗೆಯಿರಿ. ಅಂಚಿಗೆ ಏನನ್ನಾದರೂ ತೂರಿಸಿ ಮೀಟಿದರೆ ಆ ಅಂಚು ಹಾಳಾದ ಹಾಗೇ. ತಟ್ಟೆ ಹೊರಗೆ ಬಂದಾಗ ಆ ಕೊಂಡಿಗಳು ಎದುರಿಗೇ ಕಾಣುತ್ತವೆ. ಅಲ್ಲಿಗೇ ನಿಲ್ಲಿಸಿ ನಾಲ್ಕು ಕಡೆಯಿಂದ ಫೋಟೋ ತೆಗೆದುಕೊಳ್ಳಿ. ಒಳಗೆ ನೂರು ವರ್ಷದ ಎಣ್ಣೆ ಗಟ್ಟಿಯಾಗಿ ಅಂಟಿನ ಹಾಗಿರುತ್ತದೆ. ಮಿನರಲ್ ಸ್ಪಿರಿಟ್‌ನಲ್ಲಿ ಹಳೆ ಹಲ್ಲುಜ್ಜುವ ಬ್ರಶ್ ಅದ್ದಿ ತೊಳೆಯಿರಿ. ತೋಟಾದ ಬುಡಕ್ಕೆ ಬಡಿಯುವ, ಬೋಲ್ಟಿನ ಒಳಗಿನ ಫೈರಿಂಗ್ ಪಿನ್ ಕಡೆಗೆ ವಿಶೇಷ ಗಮನ ಇರಲಿ. ಅದು ಬೆರಳಲ್ಲಿ ತಳ್ಳಿದರೆ ಸಲೀಸಾಗಿ ಆಡಬೇಕು. ಜಿಡ್ಡಿನಿಂದ ಮುಂದೆ ಚಾಚಿಯೇ ನಿಂತರೆ, ಬೋಲ್ಟ್ ಪೂರ್ತಿ ಮುಚ್ಚುವ ಮೊದಲೇ, ಮೊಣಕಾಲು ಇನ್ನೂ ಮಡಚಿರುವಾಗಲೇ ತೋಟಾ ಸಿಡಿಯಬಹುದು.

ಹೊರಗಿನ ತುಕ್ಕಿನ ವಿಷಯ. ಕಂದು ಬಣ್ಣ ಬೇರೆ, ಕೆಂಪು ತುಕ್ಕು ಬೇರೆ. ನುಣುಪಾಗಿ ಹಬ್ಬಿದ ಕಂದು ಬಣ್ಣಕ್ಕೆ ವಯಸ್ಸಾಗಿದೆ, ಅದು ಇನ್ನು ಬೆಳೆಯುವುದಿಲ್ಲ, ಬಿಡಿ. ಬೆರಳಿಗೆ ಪುಡಿಯಾಗಿ ಹತ್ತುವ ಕೆಂಪು ಜೀವಂತ ತುಕ್ಕು, ಅದು ಹೋಗಬೇಕು. ಎಣ್ಣೆ ಸವರಿ ಒಂದು ದಿನ ಬಿಟ್ಟು, ಕಂಚಿನ ಉಣ್ಣೆಯಿಂದ ಮೆಲ್ಲಗೆ ಉಜ್ಜಿ. ಗಂಟುಗಂಟಾಗಿರುವ ಕಡೆ ತಾಮ್ರದ ನಾಣ್ಯದ ಅಂಚಿನಿಂದ ಕೆರೆಯಬಹುದು. 1982ಕ್ಕೂ ಹಿಂದಿನ ಅಮೆರಿಕದ ಒಂದು ಸೆಂಟ್ ನಾಣ್ಯದಲ್ಲಿ 95 ಭಾಗ ತಾಮ್ರ ಇದೆ, ಉಕ್ಕಿಗಿಂತ ಮೆದು. ಅದು ತುಕ್ಕು ತೆಗೆಯುತ್ತದೆ, ಕೆಳಗಿನ ಉಕ್ಕನ್ನು ಗೀರುವುದಿಲ್ಲ. ಸಣ್ಣ ಭಾಗಗಳಾದರೆ ಬಟ್ಟಿ ಇಳಿಸಿದ ನೀರಿನಲ್ಲಿ ಕುದಿಸುವ ಹಳೆಯ ಉಪಾಯವಿದೆ. ಕೆಂಪು ತುಕ್ಕು ಕಪ್ಪಾಗಿ ನಿಲ್ಲುತ್ತದೆ. ಆಸಿಡ್ ಇರುವ ತುಕ್ಕುನಾಶಕ, ತಿರುಗುವ ತಂತಿ ಚಕ್ರ ಎರಡೂ ಹತ್ತಿರ ಬರಬಾರದು. ಚಕ್ರ ತಿರುಗಿದರೆ ಎಂಟು ಪಟ್ಟಿಯ ನಳಿಗೆಯ ಚೂಪು ಅಂಚುಗಳು ದುಂಡಗಾಗುತ್ತವೆ, ಮೇಲೆ ಕೆತ್ತಿದ ಅಕ್ಷರ ಮಾಸುತ್ತದೆ. ಆ ಅಂಚು ಮತ್ತೆ ಬರುವುದಿಲ್ಲ. ಅದರ ಮೇಲೆ ಬ್ಲೂಯಿಂಗ್ ಮಾಡಿಸಿದರೆ ದೂರದಿಂದ ಹೊಸದರ ಹಾಗೆ ಕಾಣಬಹುದು, ಆದರೆ ಬೆಲೆ ಬಲ್ಲವರು ಕೈಗೆತ್ತಿಕೊಂಡು ಹಾಗೇ ಕೆಳಗಿಡುತ್ತಾರೆ.

ಮರವನ್ನೂ ಸ್ಯಾಂಡ್‌ಪೇಪರಿನಿಂದ ಉಜ್ಜಬೇಡಿ. ಉಜ್ಜಿದರೆ ಮರ ಲೋಹಕ್ಕಿಂತ ತಗ್ಗಿಗೆ ಹೋಗುತ್ತದೆ. ಕಪ್ಪಾಗಿರುವುದು ಹೆಚ್ಚಾಗಿ ಹಿಡಿಯ ಕುತ್ತಿಗೆಯ ಹತ್ತಿರ ಅಲ್ವಾ? ಹಿಂದಿನವರು ರೈಫಲ್‌ಗೆ ಎಣ್ಣೆ ಸುರಿದು ನಳಿಗೆ ಮೇಲೆ ಮಾಡಿ ಮೂಲೆಗೆ ನಿಲ್ಲಿಸುತ್ತಿದ್ದರು. ಎಣ್ಣೆ ಇಳಿದು ಬಂದು ಆ ಜಾಗದ ಮರ ಕುಡಿದಿದೆ. ಹಾಗೆ ಕುಡಿದ ಮರ ಮೆತ್ತಗಾಗಿ ಬಿರುಕು ಬಿಡುತ್ತದೆ. ಅಸಿಟೋನಿನಲ್ಲಿ ಸೀಮೆಸುಣ್ಣದ ಪುಡಿ ಕಲಸಿ, ಬೆಂಕಿಯಿಂದ ದೂರ, ಗಾಳಿಯಾಡುವ ಕಡೆ, ಲೇಪದ ಹಾಗೆ ಹಚ್ಚಿ ಒಣಗಲು ಬಿಡಿ. ಪುಡಿ ಎಣ್ಣೆ ಹೀರಿ ಹಳದಿಯಾಗುತ್ತದೆ. ಎರಡು ಮೂರು ಸಲ ಮಾಡಿ. ಕೊನೆಗೆ ಕೆಲವೇ ಹನಿ ಅಗಸೆ ಎಣ್ಣೆ ಅಂಗೈಯಿಂದ ತಿಕ್ಕಿದರೆ ಸಾಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ಅದು ತಾನೇ ಕಾದು ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ.

ಇನ್ನು ನಳಿಗೆ ಮಂಕಾಗಿದೆ ಅಂದಿರಿ. ಅದಕ್ಕೆ ಹೆದರಬೇಡಿ. ತೊಳೆದ ಮೇಲೆ ಒಳಗಿನ ಸುರುಳಿ ಗೆರೆಗಳು ಸ್ಪಷ್ಟವಾಗಿ ಕಂಡರೆ, ಅಲ್ಲಲ್ಲಿ ಗುಳಿ ಇದ್ದರೂ ಚೆನ್ನಾಗಿಯೇ ಹೊಡೆಯುತ್ತದೆ. ಅಳತೆ ಮಾತ್ರ ತೆಗೆಯಲೇಬೇಕು. ಎಣ್ಣೆ ಸವರಿದ ನಳಿಗೆಯೊಳಗೆ ಮೆದು ಸೀಸದ ಗುಂಡೊಂದನ್ನು ರಾಡಿನಿಂದ ತಳ್ಳಿ ಈಚೆಗೆ ತಂದು ಮೈಕ್ರೋಮೀಟರಿನಲ್ಲಿ ಅಳೆಯಿರಿ. 44-40ರ ಲೆಕ್ಕದ ಅಳತೆ 0.427 ಇಂಚು. ಆದರೆ ಆ ಕಾಲದ ನಳಿಗೆಗಳು 0.430ರವರೆಗೂ ಸಿಗುತ್ತವೆ. ನಿಮ್ಮದು ಎಷ್ಟಿದೆಯೋ ಅದಕ್ಕಿಂತ 0.001 ಇಂಚು ದಪ್ಪದ ಮೆದು ಸೀಸದ ಗುಂಡು ಬೇಕು. ಗುಂಡು ತೆಳುವಾದರೆ ಗೆರೆ ಹಿಡಿಯದೆ ಸುಮ್ನೆ ಜಾರಿ ಹೋಗುತ್ತದೆ. ಆಮೇಲೆ ನಳಿಗೆ ಕೆಟ್ಟಿದೆ ಅಂತ ಅದನ್ನು ದೂರುತ್ತೇವೆ.

ಈಗ ಅಂಗಡಿಯ ತೋಟಾ. ಅದರಲ್ಲಿ ಇರುವುದು ಹೊಗೆಯಿಲ್ಲದ ಮದ್ದು. ನಿಮ್ಮ ರೈಫಲ್ ಹುಟ್ಟಿದ ವರ್ಷದ ಹೆಸರನ್ನೇ ಹೊತ್ತ ಫ್ರಾನ್ಸಿನ 1886ರ ಲೆಬೆಲ್ ರೈಫಲ್ ಹೊಗೆಯಿಲ್ಲದ ಮದ್ದನ್ನು ಬಳಸಿದ ಮೊದಲ ಸೈನ್ಯದ ರೈಫಲ್. ಅಮೆರಿಕದ ಬೇಟೆ ರೈಫಲ್‌ಗಳಿಗೆ ಆ ಮದ್ದು ಬಂದದ್ದು 1895ರ ಹೊತ್ತಿಗೆ, 30-30 ತೋಟಾದ ಜೊತೆ. ನಿಮ್ಮದು ಕಪ್ಪು ಮದ್ದಿಗೆ ಅಂತ ಮಾಡಿದ ಉಕ್ಕು. ತೋಟಾದ ಹೆಸರಿನಲ್ಲಿರುವ 40 ಅಂದರೆ 40 ಗ್ರೇನ್ (ಗ್ರೇನ್ ಒಂದು ಸಣ್ಣ ತೂಕದ ಅಳತೆ) ಕಪ್ಪು ಮದ್ದು. ಅದರ ಮುಂದೆ 200 ಗ್ರೇನ್ ಸೀಸದ ಗುಂಡು. ಆಮೇಲೆ 1892ರ ಮಾದರಿಗೆ ಅಂತ ಇದೇ ಅಳತೆಯಲ್ಲಿ ವೇಗದ ತೋಟಾ ಬಂತು. 1873ಕ್ಕೆ ಬಳಸಬೇಡಿ ಅಂತ ಆ ಡಬ್ಬಿಯ ಮೇಲೆ ಕಂಪನಿಯೇ ಅಚ್ಚು ಹಾಕುತ್ತಿತ್ತು. ಆ ಎಚ್ಚರಿಕೆ ಓದದವರ ಎಷ್ಟೋ ರೈಫಲ್‌ಗಳ ಮೊಣಕಾಲು ಸವೆದಿದೆ. ಹಾಗಾಗಿ ನನ್ನ ಮಾತು ನೇರವಾಗಿದೆ: ಕಪ್ಪು ಮದ್ದು, ಮೆದು ಸೀಸ, ಚಪ್ಪಟೆ ಮೂತಿಯ ಗುಂಡು. ಕಡಿಮೆ ಒತ್ತಡದ ಹೊಸ ತೋಟಾ ಹಾಕಿ ಹೊಡೆಯುವವರಿದ್ದಾರೆ. ನಾನು ನನ್ನದರಲ್ಲಿ ಹಾಕುವುದಿಲ್ಲ. ಚೂಪು ಮೂತಿಯ ಗುಂಡಂತೂ ಯಾವತ್ತೂ ಬೇಡ. ಕೊಳವೆಯೊಳಗೆ ಒಂದರ ಮೂತಿ ಮುಂದಿನದರ ಪ್ರೈಮರಿಗೆ, ಅಂದರೆ ಪೆಟ್ಟು ಬಿದ್ದರೆ ಮದ್ದಿಗೆ ಕಿಡಿ ಹಚ್ಚುವ ಬುಡದ ಬಿಲ್ಲೆಗೆ, ತಾಗಿರುತ್ತದೆ.

ತೋಟಾದ ಉದ್ದವೂ ಇಲ್ಲಿ ಮುಖ್ಯ, ಬೇರೆ ರೈಫಲ್‌ಗಳಿಗಿಂತ ಜಾಸ್ತಿ. ಕೊಳವೆಯಿಂದ ತೋಟಾ ಒಂದು ಹಿತ್ತಾಳೆಯ ಲಿಫ್ಟರಿನೊಳಗೆ ಬರುತ್ತದೆ. ಅದು ಲಿಫ್ಟಿನ ಹಾಗೆ ನೆಟ್ಟಗೆ ಮೇಲೇರಿ ತೋಟಾವನ್ನು ಚೇಂಬರಿನ ಎದುರಿಗೆ ತರುತ್ತದೆ. ಲಿಫ್ಟರಿನಲ್ಲಿ ಒಂದೇ ತೋಟಾಕ್ಕೆ ಜಾಗ. ಮುಂದಿನ ತೋಟಾ ಒಳಗೆ ಬರದಂತೆ ತಡೆಯುವುದು ಒಳಗಿರುವ ತೋಟಾದ ಉದ್ದವೇ, ಬೇರೆ ತಡೆ ಇಲ್ಲ. ಗಿಡ್ಡವಾದರೆ ಮುಂದಿನದರ ಬುಡ ಒಳಗೆ ಇಣುಕಿ ಲಿಫ್ಟರ್ ಏಳುವುದಿಲ್ಲ. ಉದ್ದವಾದರೆ ಅದೇ ಕೊಳವೆಯ ಬಾಯಲ್ಲಿ ಸಿಕ್ಕಿ ನಿಲ್ಲುತ್ತದೆ. ಹೆಚ್ಚೆಂದರೆ 1.592 ಇಂಚು. ಲಿವರ್ ಸಿಕ್ಕಿಕೊಂಡಿತು ಅಂತ ಯಾರಾದರೂ ಹೇಳಿದರೆ ನಾನು ಮೊದಲು ಅವರ ತೋಟಾ ಅಳೆಯುತ್ತೇನೆ.

ಮೊದಲ ಸಲ ಹೊಡೆಯುವಾಗ ರೈಫಲನ್ನು ಭುಜಕ್ಕೆ ಇಡಬೇಡಿ. ರೇಂಜಿನಲ್ಲಿ ಗಟ್ಟಿಯಾಗಿ ಕಟ್ಟಿ, ಒಂದೇ ತೋಟಾ ಹಾಕಿ, ದೂರದಿಂದ ಹಗ್ಗ ಎಳೆಯಿರಿ. ಈ ಮಾದರಿಯಲ್ಲಿ ಲಿವರನ್ನು ಹಿಡಿಗೆ ಒತ್ತದೆ ಟ್ರಿಗರ್ ಬೀಳುವುದಿಲ್ಲ, ಹಾಗಾಗಿ ಲಿವರನ್ನೂ ಕಟ್ಟಬೇಕು. ಬಂದ ಖಾಲಿ ತೋಟಾವನ್ನು ಕನ್ನಡಕ ಹಾಕಿ ನೋಡಿ. ಪ್ರೈಮರ್ ಬುಡದಿಂದ ಹೊರಗೆ ಉಬ್ಬಿದೆಯಾ? ಬುಡದಿಂದ ಸ್ವಲ್ಪ ಮೇಲೆ ಹಿತ್ತಾಳೆಯ ಸುತ್ತ ಹೊಳೆಯುವ ಉಂಗುರ ಇದೆಯಾ? ಇದ್ದರೆ ಅಲ್ಲಿಗೇ ನಿಲ್ಲಿಸಿ, ಮತ್ತೆ ಗನ್‌ಸ್ಮಿತ್ ಹತ್ತಿರ ಹೋಗಿ. ಎಲ್ಲ ಸರಿ ಇದ್ದರೆ ಇನ್ನೂ ನಾಲ್ಕು ಹೀಗೇ ಹೊಡೆದು, ಆಮೇಲೆ ಭುಜಕ್ಕೆ ಇಡಿ. ಕಣ್ಣಿಗೆ, ಕಿವಿಗೆ ರಕ್ಷಣೆ ಇದ್ದೇ ಇರಲಿ.

ಹೊಡೆದ ದಿನವೇ ತೊಳೆಯಬೇಕು. ನಾಳೆ ಅನ್ನುವ ಮಾತಿಲ್ಲ. ಕಪ್ಪು ಮದ್ದು ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದ್ದು. ಉರಿದ ಮೇಲೆ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಭಾಗ ಗಟ್ಟಿ ಪದಾರ್ಥವಾಗಿ ಉಳಿಯುತ್ತದೆ. ಬಹುಪಾಲು ಉಪ್ಪುಗಳು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ನೀರು ಬಿಡುವ ಹಾಗೆ ಇವೂ ಗಾಳಿಯ ತೇವ ಎಳೆದುಕೊಳ್ಳುತ್ತವೆ. ಉಪ್ಪನ್ನು ಕರಗಿಸುವುದು ನೀರು, ಎಣ್ಣೆ ಅಲ್ಲ. ದುಬಾರಿ ಸಾಲ್ವೆಂಟ್ ಬೇಡ. ಬಿಸಿನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಸಾಕು. ಹಿಂದೆ ಕಪ್ಪು ಮದ್ದು ಹೊಡೆಯುವವರಿಗೆ ಇದು ಗೊತ್ತಿತ್ತು. ಹೊಗೆಯಿಲ್ಲದ ಮದ್ದು ಬಂದಾಗ ನಳಿಗೆ ಚೊಕ್ಕಟವಾಗಿ ಕಂಡಿತು, ಜನ ತೊಳೆಯುವುದು ಬಿಟ್ಟರು. ಆ ಕಾಲದ ಪ್ರೈಮರುಗಳೂ ಉಪ್ಪು ಬಿಡುತ್ತಿದ್ದವು. ಎಷ್ಟೋ ಹಳೆಯ ನಳಿಗೆಗಳು ತುಕ್ಕು ತಿಂದದ್ದು ಕಪ್ಪು ಮದ್ದಿನಿಂದಲ್ಲ, ಆ ಮರೆವಿನಿಂದ.

ಈ ರೈಫಲನ್ನು ಹಿಂದಿನಿಂದ ತೊಳೆಯಲು ಆಗುವುದಿಲ್ಲ, ಮೂತಿಯಿಂದಲೇ ರಾಡ್ ಹಾಕಬೇಕು. ರಾಡ್ ಮೂತಿಯ ಅಂಚಿಗೆ ಉಜ್ಜಿದರೆ ಗುರಿ ಕೆಡುತ್ತದೆ, ಹಾಗಾಗಿ ಮೂತಿಗೆ ಹಿತ್ತಾಳೆಯ ಗೈಡ್ ಹಾಕಿ. ಲಿವರ್ ತೆರೆದು ಚೇಂಬರಿನ ಬಾಯಿಗೆ ಬಟ್ಟೆ ತುರುಕಿ, ರೈಫಲ್ ಲಿವರ್ ಮೇಲಾಗುವಂತೆ ತಲೆಕೆಳಗಾಗಿ ಹಿಡಿಯಿರಿ. ಆಗ ಕೊಳಕು ನೀರು ಕೊಂಡಿಗಳ ಕಡೆ ಹೋಗುವುದಿಲ್ಲ. 44-40ರಲ್ಲಿ ಒಂದು ಅನುಕೂಲ ಇದೆ. ಅದರ ಬಾಯಿ ಹತ್ತಿರದ ಹಿತ್ತಾಳೆ ತೆಳು. ಮದ್ದು ಉರಿದ ಕೂಡಲೇ ಅದು ಹಿಗ್ಗಿ ಚೇಂಬರಿಗೆ ಅಂಟಿಕೊಳ್ಳುತ್ತದೆ, ಮಸಿ ಹಿಂದಕ್ಕೆ ಬರುವುದಿಲ್ಲ. ಹಾಗಾಗಿ ಪ್ರತಿ ಸಲ ಪಕ್ಕದ ತಟ್ಟೆ ಬಿಚ್ಚುವ ಅಗತ್ಯ ಇಲ್ಲ. ಒದ್ದೆ ಬಟ್ಟೆ ಚೂರು ಬೆಳ್ಳಗೆ ಬರುವವರೆಗೆ ಎಳೆಯಿರಿ, ಒಣಗಿದ್ದು ಎಳೆಯಿರಿ, ಕೊನೆಗೆ ತೆಳುವಾಗಿ ಎಣ್ಣೆ. ಮರುದಿನ ಮತ್ತೊಂದು ಚೂರು ಎಳೆದು ನೋಡಿ. ಕಂದು ಬಣ್ಣ ಹತ್ತಿದರೆ ಮತ್ತೆ ಮೊದಲಿನಿಂದ ತೊಳೆಯಿರಿ. ಖಾಲಿ ತೋಟಾಗಳನ್ನು ರೇಂಜಿನಲ್ಲೇ ಸೋಪಿನ ನೀರಿನ ಬಾಟಲಿಗೆ ಹಾಕಿಬಿಡಿ. ಗುಂಡಿಗೆ ಹಚ್ಚುವ ಜಿಡ್ಡು ಜೇನುಮೇಣ ಮತ್ತು ಕುರಿ ಕೊಬ್ಬಿನದಾಗಿರಲಿ. ಪೆಟ್ರೋಲಿಯಂ ಗ್ರೀಸ್ ಕಪ್ಪು ಮದ್ದಿನ ಜೊತೆ ಸೇರಿದರೆ ಟಾರಿನ ಹಾಗೆ ಗಟ್ಟಿಯಾಗುತ್ತದೆ. ಇಡುವಾಗ ಮೂತಿ ಕೆಳಗಾಗಿ ಇಡಿ, ಮರ ಮತ್ತೆ ಎಣ್ಣೆ ಕುಡಿಯಬಾರದು. ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಡಬೇಡಿ, ಚರ್ಮ ತೇವ ಹಿಡಿಯುತ್ತದೆ.

ಕಾನೂನಿನ ಒಂದು ಮಾತು, ನಿಮಗಿಂತ ಬೇರೆ ಓದುಗರಿಗೆ. ಅಮೆರಿಕದ ಕೇಂದ್ರ ಕಾನೂನಿನಲ್ಲಿ 1898 ಅಥವಾ ಅದಕ್ಕೂ ಹಿಂದೆ ತಯಾರಾದ ಕೋವಿಗೆ ಪುರಾತನ ವಸ್ತುವಿನ ವಿನಾಯಿತಿ ಇದೆ. ತೋಟಾಕ್ಕೆ ಅದು ಇಲ್ಲ. ಎಚ್-1ಬಿಯಂಥ ವೀಸಾದಲ್ಲಿರುವವರು ತೋಟಾ ಇಟ್ಟುಕೊಳ್ಳುವುದು ಅಪರಾಧ. ಬೇಟೆ ಲೈಸನ್ಸ್ ಇದ್ದವರಿಗೆ ಅನ್ನುವಂಥ ಕೆಲವೇ ವಿನಾಯಿತಿಗಳಿವೆ. ರಾಜ್ಯದ ಕಾನೂನುಗಳು ಇದಕ್ಕಿಂತ ಬೇರೆ ಇರಬಹುದು. ಗೋಡೆ ಮೇಲೆ ತೂಗುಹಾಕಲು ಹಳೆ ರೈಫಲ್ ಕೊಂಡು, ಜೊತೆಗೊಂದು ಡಬ್ಬಿ ತೋಟಾ ತಂದಿಟ್ಟು ತೊಂದರೆಗೆ ಸಿಕ್ಕಬೇಡಿ. ಮೊದಲು ವಕೀಲರನ್ನು ಕೇಳಿ.

ಕೈಲ್‌ಪೊಳ್ದ್ ಅಂದಿರಿ. ಆ ದಿನ ಕೋವಿಯನ್ನು ಒರೆಸಿ, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಕನ್ನಿಕೊಂಬರೆಯಲ್ಲಿ (ದೇವರ ಕೋಣೆಯಲ್ಲಿ) ಇಡುವ ಮನೆಯಿಂದ ಬಂದವರಿಗೆ ಈ ಕೆಲಸದ ಮುಖ್ಯ ಪಾಠ ಆಗಲೇ ಬಂದಿದೆ. ನಿಮ್ಮ ಅಪ್ಪ ಆ ಕೋವಿಯನ್ನು ಹೊಳೆಯುವ ಹಾಗೆ ಉಜ್ಜಿಸಿದ್ದಲ್ಲ, ತುಕ್ಕು ಬಾರದ ಹಾಗೆ ಒರೆಸಿಸಿದ್ದು. ಅದೇ ಕೈಯಲ್ಲಿ ಇದನ್ನೂ ಒರೆಸಿ. ನಳಿಗೆಯ ಅಳತೆ ತೆಗೆದ ಮೇಲೆ, ಹೆಡ್‌ಸ್ಪೇಸ್ ಬಗ್ಗೆ ಗನ್‌ಸ್ಮಿತ್ ಏನು ಹೇಳಿದರು ಅನ್ನುವುದರ ಜೊತೆಗೆ ಆ ಸಂಖ್ಯೆ ನನಗೆ ಬರೆಯಿರಿ. ಯಾವ ಅಚ್ಚಿನ ಗುಂಡು ಹೊಂದುತ್ತದೆ ಅಂತ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ತೋಟಾ ಕೊಳ್ಳಬೇಡಿ.